ಪಕ್ಕದ ಖಾಲಿ ಸೀಟಿಗೆ ಎಷ್ಟು ಕೊಡಬಹುದು?

ಹೋದ ತಿಂಗಳ ಅಂಕಣದಲ್ಲಿ ಯುರೋಪಿನ ಒಂದು ಪುಟ್ಟ ವಿಮಾನದಲ್ಲಿ ಬಿಸಿನೆಸ್ ಕ್ಲಾಸಿನಲ್ಲಿ ಕೂತು ಬಂದ ಸಂಗತಿಯನ್ನು ಎರಡೇ ಸಾಲಿನಲ್ಲಿ ಬರೆದಿದ್ದೆ. ಅದರ ಮೇಲೇ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಜಾಗ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ: ಜಯನಗರ 4ನೇ ಬ್ಲಾಕಿನ ಟ್ರಾವೆಲ್ ಏಜೆನ್ಸಿಯೊಂದರಲ್ಲಿ 28 ವರ್ಷ ಟಿಕೆಟ್ ಬರೆದವಳು ನಾನು. ಬರೆದವಳು ಅಂದರೆ ನಿಜವಾಗಿಯೂ ಕೈಯಲ್ಲಿ, ಬಾಲ್‌ಪೆನ್ನು ಒತ್ತಿ ಒತ್ತಿ, ನಾಲ್ಕು ಪ್ರತಿ ಮೂಡುವ ಹಾಗೆ. 2008ರ ಜೂನ್ 1ರಿಂದ ಕಾಗದದ ಟಿಕೆಟ್ ನಿಂತು ಹೋಯಿತು. ಒತ್ತಿ ಬರೆಯುವ ಚಾಳಿ ಮಾತ್ರ ಹೋಗಲಿಲ್ಲ. ಈಗಲೂ ಬ್ಯಾಂಕಿನಲ್ಲಿ ಚಲನ್ ಬರೆದರೆ ಕೆಳಗಿನ ಹಾಳೆ ಹರಿಯುತ್ತದೆ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಮಗ ನಮ್ಮಿಬ್ಬರಿಗೆ ಬೆಂಗಳೂರು–ಫ್ರಾಂಕ್‌ಫರ್ಟ್–ಝಾಗ್ರೆಬ್ ಟಿಕೆಟ್ ತೆಗೆದಿದ್ದಾನೆ, ಎರಡೂ ವಿಮಾನ ಬಿಸಿನೆಸ್ ಕ್ಲಾಸ್. ಮೊದಲನೆಯದರಲ್ಲಿ ಹಾಸಿಗೆಯಂಥ ಸೀಟು ತೋರಿಸುತ್ತದೆ. ಎರಡನೆಯದರಲ್ಲಿ ಮುಂದಿನ ಸೀಟೂ ಹಿಂದಿನ ಸೀಟೂ ಒಂದೇ ಥರ ಕಾಣುತ್ತಿವೆ. ಮಗ ಮೋಸ ಹೋದನಾ? ಎರಡನೆಯ ವಿಮಾನಕ್ಕೆ ಮಾತ್ರ ಎಕಾನಮಿ ಮಾಡಿಸಿ ದುಡ್ಡು ಉಳಿಸಬಹುದಾ? — ದಾವಣಗೆರೆಯ ಓದುಗರು

ಉತ್ತರ: ಮಗ ಮೋಸ ಹೋಗಿಲ್ಲ ಮೇಷ್ಟ್ರೇ. ಒಂದೇ ಥರ ಕಾಣುವುದು ಯಾಕೆಂದರೆ ಅವು ಒಂದೇ ಥರ ಇವೆ.

ಯುರೋಪಿನ ಒಳಗಿನ ಹಾರಾಟಗಳಲ್ಲಿ, ದೊಡ್ಡ ಕಂಪನಿ ಇರಲಿ ಸಣ್ಣದಿರಲಿ, ಬಿಸಿನೆಸ್ ಕ್ಲಾಸ್ ಅಂದರೆ ಸಾಮಾನ್ಯವಾಗಿ ಎಕಾನಮಿ ಸೀಟೇ. ಅದೇ ಅಗಲ, ಮೊಣಕಾಲಿಗೆ ಹೆಚ್ಚುಕಡಿಮೆ ಅಷ್ಟೇ ಜಾಗ. ಮೂರು-ಮೂರು ಸೀಟಿನ ವಿಮಾನವಾದರೆ ನಡುವಿನ ಸೀಟಿಗೆ ಯಾರನ್ನೂ ಕೂರಿಸುವುದಿಲ್ಲ. ಡ್ಯಾಶ್ 8, ಎಂಬ್ರೇಯರ್‌ಗಳಂಥ ಎರಡು-ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಕೆಲವು ಕಂಪನಿಗಳು ಪಕ್ಕದ ಸೀಟನ್ನು ಖಾಲಿ ಬಿಡುತ್ತವೆ, ಕೆಲವು ಅದನ್ನೂ ಮಾಡುವುದಿಲ್ಲ. ನಿಮ್ಮ ಬೆನ್ನ ಹಿಂದೆ ಒಂದು ಪರದೆ. ತಟ್ಟೆಯಲ್ಲಿ ಊಟ. ಕಣ್ಣಿಗೆ ಕಾಣುವ ವ್ಯತ್ಯಾಸ ಅಲ್ಲಿಗೆ ಮುಗಿಯಿತು.

ನಾನು ಸಾವಿರಾರು ಜನರಿಗೆ ಬಿಸಿನೆಸ್ ಕ್ಲಾಸ್ ಮಾರಿದ್ದೇನೆ. ಸ್ವತಃ ಕೂತಿದ್ದು ನಿವೃತ್ತಿಯ ಮೇಲೆ. ಮಗಳು ಲಕ್ಸೆಂಬರ್ಗ್‌ನಲ್ಲಿ ಇದ್ದಾಳೆ. ಅವಳ ಮನೆಗೆ ಹೋಗಿದ್ದಾಗ ನಾವಿಬ್ಬರೂ ಫ್ರಾಂಕ್‌ಫರ್ಟ್‌ಗೆ ಬಂದು, ಅಲ್ಲಿಂದ ಬಾಲ್ಕನ್ ಕಡೆಯ ಒಂದು ಸಣ್ಣ ರಾಜಧಾನಿಗೆ ಹಾರಿದೆವು. ಟಿಕೆಟ್ ಮಗಳ ಉಡುಗೊರೆ. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಇದ್ದವರು. ಉಡುಗೊರೆಯಾದರೂ ಬಡ್ಡಿ ಲೆಕ್ಕ ಹಾಕುತ್ತಾರೆ.

ಬಿಸಿನೆಸ್ ಕ್ಲಾಸಿನವರು ಮೊದಲು ಬನ್ನಿ ಅಂತ ಗೇಟಿನಲ್ಲಿ ಕರೆದರು. ಎದೆ ಉಬ್ಬಿಸಿಕೊಂಡು ಹೋದೆವು. ಗೇಟಿನ ಆಚೆ ನಿಂತಿದ್ದು ಬಸ್ಸು. ಪುಟ್ಟ ವಿಮಾನಗಳಿಗೆ ಏರೋಬ್ರಿಡ್ಜ್, ಅಂದರೆ ಗೇಟಿನಿಂದ ನೇರ ವಿಮಾನದ ಬಾಗಿಲಿಗೆ ಹೋಗುವ ಸೇತುವೆ, ಸಿಗುವುದು ಅಪರೂಪ. ಮೊದಲು ಹತ್ತಿದ್ದಕ್ಕೆ ಬಸ್ಸಿನ ಒಳತುದಿಗೆ ಸೇರಿಕೊಂಡೆವು. ಆಮೇಲೆ ಎಪ್ಪತ್ತು ಜನ ಹತ್ತಿದರು. ವಿಮಾನದ ಹತ್ತಿರ ಬಾಗಿಲು ತೆರೆದಾಗ ಕೊನೆಗೆ ಹತ್ತಿದವರು ಮೊದಲು ಇಳಿದರು. ನಾವು ಮೆಟ್ಟಿಲ ಸಾಲಿನಲ್ಲಿ ಕೊನೆಯಿಂದ ಐದನೆಯವರು. ಬಿಎಂಟಿಸಿಯಲ್ಲಿ ಇಷ್ಟು ವರ್ಷ ಓಡಾಡಿದವರಿಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ?

ವಿಮಾನ ಡ್ಯಾಶ್ 8-ಕ್ಯೂ400. ಒಂದು ಕಾಲಕ್ಕೆ ಸ್ಪೈಸ್‌ಜೆಟ್‌ನಲ್ಲಿ ಹುಬ್ಬಳ್ಳಿ, ಬೆಳಗಾವಿಗೆ ಹೋದವರು ಅದನ್ನು ನೋಡಿರುತ್ತೀರಿ. ಎರಡು ಪ್ರೊಪೆಲರ್, ಒಂದೊಂದಕ್ಕೆ ಆರು ಅಲಗು. ರೆಕ್ಕೆ ತಲೆಯ ಮೇಲೆ. ಬಿಸಿನೆಸ್ ಅಂದರೆ ಮೊದಲ ಎರಡು ಸಾಲು. ಎಂಟು ಸೀಟು, ನಾಲ್ಕು ಜನ. ನನಗೆ ಕಿಟಕಿಯ ಪಕ್ಕ ಎ ಸೀಟು, ಯಜಮಾನರಿಗೆ ಆ ಕಡೆಯ ಕಿಟಕಿಯ ಎಫ್. ನಮ್ಮಿಬ್ಬರ ನಡುವೆ ಎರಡು ಖಾಲಿ ಸೀಟು, ಒಂದು ಓಣಿ. 34 ವರ್ಷ ಸಂಸಾರ ಮಾಡಿ, ಜಾಸ್ತಿ ದುಡ್ಡು ಕೊಟ್ಟು ದೂರ ದೂರ ಕೂತಿದ್ದೆವು. ಗಗನಸಖಿಯನ್ನು ಕೇಳಿದೆ. ಜೊತೆಗೆ ಕೂರಿ, ಆದರೆ ಆಗ ನಿಮ್ಮಿಬ್ಬರ ಪಕ್ಕದಲ್ಲೂ ಖಾಲಿ ಇರುವುದಿಲ್ಲ ಅಂದಳು. ಯಜಮಾನರು ಒಂದು ಕ್ಷಣ ಯೋಚಿಸಿ, "ಇರಲಿ ಬಿಡು, ದುಡ್ಡು ಕೊಟ್ಟಾಗಿದೆ" ಅಂದರು.

ಇನ್ನು ಪರದೆ. ವಿಮಾನ ಏರುವಾಗ, ಇಳಿಯುವಾಗ ಪರದೆ ತೆರೆದಿರಬೇಕು ಅನ್ನುವುದು ಸುರಕ್ಷತೆಯ ನಿಯಮ. ಹಾಗಾಗಿ ಮೇಲೇರಿದ ಮೇಲೆ ಗಗನಸಖಿ ಬಂದು, ಬದಿಗೆ ಕಟ್ಟಿದ್ದ ಬೂದುಬಣ್ಣದ ಬಟ್ಟೆ ಬಿಚ್ಚಿ ಎಳೆದಳು. ಎರಡು ಬದಿಯ ಬಟ್ಟೆ ಓಣಿಯಲ್ಲಿ ಸೇರುವ ಕಡೆ ಟಿಚ್ ಬಟನ್. ಟಕ್, ಟಕ್, ಟಕ್. ಮೂರನೆಯ ಬಟನ್ ಸಡಿಲವಾಗಿತ್ತು, ವಿಮಾನ ಅಲುಗಿದಾಗಲೆಲ್ಲ ಬಿಟ್ಟುಕೊಳ್ಳುತ್ತಿತ್ತು. ಆ ಸಂದಿನಿಂದ ಮೂರನೆಯ ಸಾಲಿನ ಮಗುವೊಂದು ನಮ್ಮ ತಟ್ಟೆಗಳನ್ನೇ ನೋಡುತ್ತಿತ್ತು. ಮುಕ್ಕಾಲು ಗಂಟೆಯಾದ ಮೇಲೆ ಮತ್ತೆ ಟಕ್ ಟಕ್ ಅಂತ ಬಿಚ್ಚಿ ಕಟ್ಟಿದರು. ಯಜಮಾನರು ಓಣಿಯ ಆಚೆಯಿಂದ ಹೇಳಿದರು: "ಗುಬ್ಬಿ ಕಂಪನಿ ಪರದೆ ಮೇಲೆ ಅರಮನೆಯಾದ್ರೂ ಬರೆದಿರ್ತಿದ್ರು."

ಈಗ ನಿಮ್ಮ ಎರಡನೆಯ ಪ್ರಶ್ನೆ. ಖಂಡಿತ ಬದಲಾಯಿಸಬೇಡಿ. ನಿಮ್ಮದು ಬೆಂಗಳೂರಿನಿಂದ ಝಾಗ್ರೆಬ್‌ವರೆಗೆ ಒಂದೇ ಟಿಕೆಟ್, ಒಂದೇ ಪಿಎನ್‌ಆರ್. ದರವೂ ಇಡೀ ಪ್ರಯಾಣಕ್ಕೆ ಸೇರಿ. ಕೊನೆಯ ತುಂಡನ್ನು ಕಿತ್ತು ಎಕಾನಮಿ ಮಾಡಿದರೆ ಎಷ್ಟೋ ಸಲ ಒಟ್ಟು ದರವೇ ಏರುತ್ತದೆ. ಬೇರೆಯೇ ಟಿಕೆಟ್ ತೆಗೆದರಂತೂ ಇನ್ನೂ ಕಷ್ಟ. ಫ್ರಾಂಕ್‌ಫರ್ಟ್‌ಗೆ ನಿಮ್ಮ ವಿಮಾನ ತಡವಾಗಿ ಬಂದು ಝಾಗ್ರೆಬ್ ವಿಮಾನ ತಪ್ಪಿದರೆ ಯಾರೂ ಕೇಳುವವರಿಲ್ಲ. ಒಂದೇ ಟಿಕೆಟ್ ಆದರೆ ಮುಂದಿನ ವಿಮಾನಕ್ಕೆ ಹಾಕಿಕೊಡುವುದು ಅವರ ತಲೆನೋವು. ಚೆಕ್-ಇನ್ ಬ್ಯಾಗು ಕೂಡ ಬೆಂಗಳೂರಿನಲ್ಲಿ ಕೊಟ್ಟರೆ ಝಾಗ್ರೆಬ್‌ನಲ್ಲೇ ಕೈಗೆ. ಇಬ್ಬರ ಬ್ಯಾಗಿನ ಲೆಕ್ಕವೂ ದೊಡ್ಡ ವಿಮಾನದ ಪ್ರಕಾರವೇ ಕೊನೆಯವರೆಗೆ ನಡೆಯುವುದು ವಾಡಿಕೆ. ಟಿಕೆಟ್ ಮೇಲೆ ಎಷ್ಟು ಬ್ಯಾಗ್, ಎಷ್ಟು ಕೆ.ಜಿ. ಅಂತ ಬರೆದಿರುತ್ತದೆ, ಒಮ್ಮೆ ನೋಡಿಕೊಳ್ಳಿ.

ಇನ್ನೊಂದು ವಿಷಯ. ಝಾಗ್ರೆಬ್ ಇರುವ ಕ್ರೊವೇಷಿಯಾ ದೇಶ 2023ರಲ್ಲಿ ಷೆಂಗೆನ್‌ಗೆ, ಅಂದರೆ ತಮ್ಮತಮ್ಮೊಳಗೆ ಪಾಸ್‌ಪೋರ್ಟ್ ತಪಾಸಣೆ ಇಲ್ಲದ ದೇಶಗಳ ಗುಂಪಿಗೆ ಸೇರಿತು. ಹಾಗಾಗಿ ನಿಮ್ಮ ಪಾಸ್‌ಪೋರ್ಟ್ ತಪಾಸಣೆ ಆಗುವುದು ಫ್ರಾಂಕ್‌ಫರ್ಟ್‌ನಲ್ಲೇ, ಝಾಗ್ರೆಬ್‌ನಲ್ಲಿ ಅಲ್ಲ. ಭಾರತದಿಂದ ಹೋದವರಿಗೆ ಅಲ್ಲಿ ಮತ್ತೆ ಭದ್ರತಾ ತಪಾಸಣೆಯೂ ಇದೆ. ಬಿಸಿನೆಸ್ ಟಿಕೆಟ್ ಇದ್ದರೆ ಅದಕ್ಕೆ ಬೇರೆ ಸಾಲು ಸಿಗುತ್ತದೆ. ನನ್ನ ಪ್ರಕಾರ ಆ ಟಿಕೆಟ್ಟಿನ ನಿಜವಾದ ಬೆಲೆ ಇರುವುದು ಆ ಸಾಲಿನಲ್ಲಿ. ಎರಡು ವಿಮಾನಗಳ ನಡುವೆ ಎರಡು ಗಂಟೆಗಿಂತ ಕಡಿಮೆ ಸಮಯ ಇದ್ದರೆ ಮಗನಿಗೆ ಹೇಳಿ ಈಗಲೇ ಎರಡನೆಯ ವಿಮಾನದ ಸಮಯ ಬದಲಾಯಿಸಿಕೊಳ್ಳಿ. ಮನೆಯ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಅದೂ ದ್ರವದ ಲೆಕ್ಕಕ್ಕೆ ಬರುತ್ತದೆ, 100 ಎಂಎಲ್ ಮೀರಿದ ಡಬ್ಬಿಯಾದರೆ ಕಸದ ಬುಟ್ಟಿಗೆ ಹೋಗಬಹುದು. ತುಪ್ಪ, ಪೇಡ ಯಾವ ಚೀಲದಲ್ಲೂ ಬೇಡ. ಹಾಲಿನ ಪದಾರ್ಥವನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟದ ಒಳಗೆ ತರುವ ಹಾಗಿಲ್ಲ.

ಪ್ರಶ್ನೆ: ನಮ್ಮ ಸ್ಟಾರ್ ಏರ್‌ನ ಎಂಬ್ರೇಯರ್ 175ರಲ್ಲಿ 12 ಬಿಸಿನೆಸ್ ಸೀಟು ಇವೆ, ಅಗಲವಾಗಿ ಚೆನ್ನಾಗಿವೆ. ಯುರೋಪಿನವರಿಗೆ ಅಷ್ಟೂ ಆಗುವುದಿಲ್ಲವೇ? — ಬೆಳಗಾವಿಯ ಓದುಗರು

ಉತ್ತರ: ಆಗುವುದಿಲ್ಲ ಅಂತಲ್ಲ, ಅವರಿಗೆ ಬೇಡ.

ನಮ್ಮಲ್ಲಿ 12 ಅಂದರೆ 12. ಸೀಟನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಕೊಳ್ಳುವವರು ಇಬ್ಬರೇ ಬಂದರೆ ಹತ್ತು ಸೀಟು ಖಾಲಿ ಹಾರುತ್ತವೆ. ಯುರೋಪಿನ ಸಣ್ಣ ಕಂಪನಿಯ ವಾರ ಹೇಗಿರುತ್ತದೆ ನೋಡಿ. ಸೋಮವಾರ ಬೆಳಗ್ಗೆ ಕೋಟು ಹಾಕಿದವರು, ವಕೀಲರು, ಬ್ಯಾಂಕಿನವರು, ಸರ್ಕಾರದ ಕೆಲಸದವರು. ಟಿಕೆಟ್ ಕಚೇರಿಯ ಲೆಕ್ಕಕ್ಕೆ. ಶನಿವಾರ ಅದೇ ವಿಮಾನದಲ್ಲಿ ಸಮುದ್ರತೀರಕ್ಕೆ ಹೊರಟ ಸಂಸಾರಗಳು, ಮಕ್ಕಳು, ಪ್ಲಾಸ್ಟಿಕ್ ಬಕೆಟ್ಟು. ಸೋಮವಾರಕ್ಕೆ ಪರದೆಯನ್ನು ಆರನೆಯ ಸಾಲಿಗೆ ತಳ್ಳುತ್ತಾರೆ, ಶನಿವಾರ ಎರಡನೆಯ ಸಾಲಿಗೆ ಎಳೆದುಕೊಳ್ಳುತ್ತಾರೆ. ನಮ್ಮ ಮದುವೆ ಛತ್ರಗಳಲ್ಲಿ ಜನ ನೋಡಿಕೊಂಡು ಶಾಮಿಯಾನದ ಬಟ್ಟೆ ಸರಿಸಿ ಊಟದ ಹಾಲ್ ದೊಡ್ಡದು ಚಿಕ್ಕದು ಮಾಡುವುದಿಲ್ಲವೇ, ಹಾಗೇ.

ಹಾರಾಟವೂ ಚಿಕ್ಕದು. ಫ್ರಾಂಕ್‌ಫರ್ಟ್‌ನಿಂದ ಲಕ್ಸೆಂಬರ್ಗ್‌ಗೆ ನೇರ ದೂರ 200 ಕಿ.ಮೀ. ಕೂಡ ಇಲ್ಲ. ಸೀಟು ಅಗಲ ಮಾಡಿದರೂ ಮೈ ಚಾಚುವಷ್ಟರಲ್ಲಿ ಇಳಿಯುವ ಸಮಯ. ಕಚೇರಿ ಕೆಲಸದವರು ಕೊಳ್ಳುವುದು ಸೀಟನ್ನಲ್ಲ. ಮೀಟಿಂಗ್ ಬೇಗ ಮುಗಿದರೆ ಮಧ್ಯಾಹ್ನದ ವಿಮಾನಕ್ಕೆ ಬದಲಾಯಿಸಿಕೊಳ್ಳಬಹುದು, ರದ್ದು ಮಾಡಿದರೆ ದುಡ್ಡು ವಾಪಸು, ಅದಕ್ಕೆ ಅವರು ದುಡ್ಡು ಕೊಡುವುದು. ನನ್ನ ಕೌಂಟರಿನಲ್ಲಿ ಇದನ್ನು ಬಾಯಿ ನೋಯುವಷ್ಟು ವಿವರಿಸುತ್ತಿದ್ದೆ. ಗಿರಾಕಿ ಕೊನೆಗೆ ಕೇಳುತ್ತಿದ್ದುದು ಒಂದೇ: "ಮೇಡಂ, ಸೀಟು ಎಷ್ಟು ಹಿಂದಕ್ಕೆ ಬಾಗುತ್ತೆ?"

ಪ್ರಶ್ನೆ: ಅತ್ತೆಗೆ 74. ಎರಡೂ ಮೊಣಕಾಲಿನ ಆಪರೇಷನ್ ಆಗಿದೆ. ಆಸ್ಟ್ರಿಯಾದಲ್ಲಿರುವ ಮೈದುನನ ಮನೆಗೆ ಹೊರಟಿದ್ದಾರೆ. ಕೊನೆಯ ಹಾರಾಟ ಸಣ್ಣ ವಿಮಾನ. ಕಾಲು ಚಾಚಲು ಅದೊಂದಕ್ಕೆ ಬಿಸಿನೆಸ್ ಕ್ಲಾಸ್ ಮಾಡಿಸೋಣ ಅಂತಿದ್ದೇವೆ. — ಹಾಸನದ ಓದುಗರು

ಉತ್ತರ: ದಯವಿಟ್ಟು ಬೇಡ. ಮುಂದಿನ ಸೀಟಿಗೂ ಮೊಣಕಾಲಿಗೂ ನಡುವಿನ ಜಾಗ ಅಲ್ಲಿ ಜಾಸ್ತಿ ಆಗುವುದಿಲ್ಲ, ಪಕ್ಕಕ್ಕೆ ಮಾತ್ರ ಜಾಗ. ನಿಮ್ಮ ಅತ್ತೆಯವರಿಗೆ ಕಷ್ಟ ಆಗುವುದು ಸೀಟಲ್ಲ, ಮೆಟ್ಟಿಲು. ಸಣ್ಣ ವಿಮಾನಕ್ಕೆ ಬಸ್ಸಿನಲ್ಲಿ ಹೋಗಿ, ಕಡಿದಾದ ಕಿರಿದಾದ ಮೆಟ್ಟಿಲು ಹತ್ತಬೇಕು. ಅದಕ್ಕೆ ಬಿಸಿನೆಸ್ ಕ್ಲಾಸಿನಲ್ಲಿ ಮದ್ದಿಲ್ಲ, ವೀಲ್‌ಚೇರಿನಲ್ಲಿ ಇದೆ.

ಇಲ್ಲೇ ಹೆಚ್ಚಿನವರು ಎಡವುವುದು. ಸುಮ್ನೆ "ವೀಲ್‌ಚೇರ್ ಹಾಕಿ" ಅಂದರೆ ಏಜೆಂಟರು ಡಬ್ಲ್ಯೂಸಿಎಚ್‌ಆರ್ ಅಂತ ಕೋಡು ಹಾಕಿಬಿಡುತ್ತಾರೆ. ಅದರ ಅರ್ಥ: ದೂರ ನಡೆಯಲಾರರು, ಮೆಟ್ಟಿಲು ಮಾತ್ರ ತಾವೇ ಹತ್ತುತ್ತಾರೆ. ವಿಮಾನದ ಬುಡದವರೆಗೆ ತಂದು ಬಿಟ್ಟು, ಹತ್ತಿ ಅಮ್ಮಾ ಅನ್ನುತ್ತಾರೆ. ನಿಮಗೆ ಬೇಕಾದ್ದು ಡಬ್ಲ್ಯೂಸಿಎಚ್‌ಎಸ್. ಮೆಟ್ಟಿಲು ಹತ್ತಲಾರರು ಅಂತ ಅರ್ಥ. ಆಗ ಲಿಫ್ಟ್ ಇರುವ ಗಾಡಿಯಲ್ಲೋ ಬೇರೆ ವ್ಯವಸ್ಥೆಯಲ್ಲೋ ಬಾಗಿಲವರೆಗೆ ಮುಟ್ಟಿಸುತ್ತಾರೆ. ಒಂದೇ ಅಕ್ಷರದ ವ್ಯತ್ಯಾಸ. ಕೌಂಟರಿನಲ್ಲಿ ಹೊಸ ಹುಡುಗರಿಗೆ ಇದನ್ನು ಬಾಯಿಪಾಠ ಮಾಡಿಸುತ್ತಿದ್ದೆ: ಆರ್ ಅಂದರೆ ರನ್‌ವೇವರೆಗೆ, ಎಸ್ ಅಂದರೆ ಸೀಟಿನ ಬಾಗಿಲವರೆಗೆ. ಅಸಲಿ ವಿಸ್ತರಣೆ ಬೇರೆ ಇದೆ, ಆದರೆ ಹೀಗೆ ಹೇಳಿಸಿಕೊಂಡವರು ಯಾರೂ ಮರೆಯಲಿಲ್ಲ.

ಯುರೋಪಿಯನ್ ಒಕ್ಕೂಟದಲ್ಲಿ ಈ ಸಹಾಯಕ್ಕೆ ದುಡ್ಡು ಕೇಳುವ ಹಾಗಿಲ್ಲ. 2006ರ 1107ನೇ ನಿಯಮ ಅದನ್ನೇ ಹೇಳುತ್ತದೆ. 48 ಗಂಟೆ ಮೊದಲು ತಿಳಿಸಿರಬೇಕು, ಅಷ್ಟೇ. ಉಳಿದ ದುಡ್ಡಿನಲ್ಲಿ ಅತ್ತೆಯವರಿಗೆ ಒಳ್ಳೆಯ ಸ್ವೆಟರ್ ಕೊಡಿಸಿ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಟಿಕೆಟ್ ಮಾಡುವಾಗ "ಹಿಂದೂ ಮೀಲ್" ಅಂತ ಇತ್ತು, ಅದನ್ನೇ ಒತ್ತಿದೆ. ಸರಿ ತಾನೆ? — ಉಡುಪಿಯ ಓದುಗರು

ಉತ್ತರ: ಅಯ್ಯೋ, ಇವತ್ತೇ ಬದಲಾಯಿಸಿ. ಹಿಂದೂ ಮೀಲ್ ಅಂದರೆ ವಿಮಾನದ ಭಾಷೆಯಲ್ಲಿ ಗೋಮಾಂಸ ಇಲ್ಲದ ಮಾಂಸದೂಟ. ಕೋಳಿ ಬರಬಹುದು, ಕುರಿ ಬರಬಹುದು, ಮೀನು ಬರಬಹುದು. ನಿಮಗೆ ಬೇಕಾದ್ದು ಏಷ್ಯನ್ ವೆಜಿಟೇರಿಯನ್, ಅದರ ಕೋಡು ಎವಿಎಂಎಲ್. ಹಾಲು ಮೊಸರು ಇರುತ್ತದೆ, ಮೊಟ್ಟೆ ಇರುವುದಿಲ್ಲ. ವಿಎಲ್‌ಎಂಎಲ್ ಒತ್ತಿದರೆ ಮೊಟ್ಟೆ ಬರುತ್ತದೆ. ವಿಜಿಎಂಎಲ್‌ನಲ್ಲಿ ಹಾಲೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಬೇಡದವರಿಗೆ ಜೈನ್ ಮೀಲ್, ವಿಜೆಎಂಎಲ್.

ಸಣ್ಣ ಕಂಪನಿಗಳಲ್ಲಿ ಎಲ್ಲ ಕೋಡೂ ಇರುವುದಿಲ್ಲ. ಇದ್ದರೂ 24 ಗಂಟೆ, ಕೆಲವು ಕಡೆ 48 ಗಂಟೆ ಮೊದಲೇ ಹೇಳಿರಬೇಕು. ಎಷ್ಟೋ ಸಲ ವಾಪಸು ಹಾರಾಟದ ಊಟವನ್ನೂ ಬೆಳಗ್ಗೆಯೇ ಮೂಲ ಊರಿನಲ್ಲಿ ತುಂಬಿಕೊಂಡಿರುತ್ತಾರೆ. ಮರೆತಿದ್ದರೆ ಆಕಾಶದಲ್ಲಿ ಯಾರೂ ಹುಳಿ ಮಾಡಿಕೊಡುವುದಿಲ್ಲ.

ನಮಗೆ ಕೊಟ್ಟಿದ್ದನ್ನು ಹೇಳುತ್ತೇನೆ. ಅಂಗೈ ಎರಡು ಸೇರಿಸಿದಷ್ಟು ಪಿಂಗಾಣಿ ತಟ್ಟೆ. ಅದರಲ್ಲಿ ಸುಟ್ಟ ಬದನೆಕಾಯಿಯ ಮೂರು ತೆಳು ಹೋಳು, ಒಂದು ಚಮಚ ಹಮ್ಮಸ್, ಎರಡು ಆಲಿವ್. ಬೆಚ್ಚಗಿನ ಒಂದು ಬನ್ನು. ಬಟ್ಟೆಯ ಕರವಸ್ತ್ರದಲ್ಲಿ ಸುತ್ತಿದ ಸ್ಟೀಲಿನ ಚಾಕು, ಮುಳ್ಳುಚಮಚ. ಬದನೆ ರುಚಿಯಾಗಿತ್ತು, ಸುಳ್ಳು ಹೇಳಬಾರದು. ಯಜಮಾನರು ಕೋಡು ಹಾಕಿಸುವುದು ಬೇಡ ಅಂದಿದ್ದರು, ಏನು ಕೊಡುತ್ತಾರೋ ನೋಡೋಣ ಅಂತ. ಅವರಿಗೆ ಹ್ಯಾಮ್, ಅಂದರೆ ಹಂದಿಮಾಂಸ ಬಂತು. ನನ್ನ ಬನ್ನಿನಲ್ಲಿ ಅರ್ಧ ಅವರ ಪಾಲಾಯಿತು, ಓಣಿ ದಾಟಿಸಿ ಕೊಟ್ಟೆ.

ಪ್ರಶ್ನೆ: ನಾನು ಬ್ರಸೆಲ್ಸ್‌ನಲ್ಲಿ ಕೆಲಸದಲ್ಲಿದ್ದೇನೆ. ಹತ್ತಿರದ ದೇಶಕ್ಕೆ ಶನಿವಾರ ಹೊರಟಿದ್ದೇನೆ, ಒಂದೂಕಾಲು ಗಂಟೆ ಹಾರಾಟ. ಬಿಸಿನೆಸ್ ಕ್ಲಾಸಿಗೆ ನಿಮ್ಮ ಬೆಲೆ ನೀವೇ ಹೇಳಿ ಅಂತ ವಿಮಾನ ಕಂಪನಿಯಿಂದ ಇಮೇಲ್ ಬಂದಿದೆ. ಕನಿಷ್ಠ 70 ಯೂರೋ. ಕೂಗಲಾ? — ಹುಬ್ಬಳ್ಳಿ ಮೂಲದ ಓದುಗ

ಉತ್ತರ: ಮೊದಲು ಒಂದು ಕೆಲಸ ಮಾಡಪ್ಪ. ಶುಕ್ರವಾರ ರಾತ್ರಿ ಆನ್‌ಲೈನ್ ಚೆಕ್-ಇನ್ ತೆರೆದು ಸೀಟಿನ ನಕ್ಷೆ ನೋಡು. ಅರ್ಧ ವಿಮಾನ ಖಾಲಿ ಇದ್ದರೆ ಹಿಂದೆ ಎಲ್ಲಾದರೂ ಪಕ್ಕ ಖಾಲಿ ಇರುವ ಸೀಟು ತಾನಾಗಿಯೇ ಸಿಗುತ್ತದೆ. 70 ಯೂರೋಗೆ ಮಾರುತ್ತಿರುವ ವಸ್ತುವನ್ನೇ ಪುಕ್ಕಟೆ ತೆಗೆದುಕೊಂಡ ಹಾಗೆ.

ವಿಮಾನ ತುಂಬಿದ್ದರೆ ಹೀಗೆ ಲೆಕ್ಕ ಹಾಕು. ನಿನ್ನದು ಬ್ಯಾಗ್ ಇಲ್ಲದ ಅಗ್ಗದ ಟಿಕೆಟ್ ಅಂತ ಇಟ್ಟುಕೊ. ಮೇಲಕ್ಕೆ ಏರಿಸಿದರೂ ಬ್ಯಾಗ್, ರದ್ದತಿ ಇವುಗಳ ನಿಯಮ ಸಾಮಾನ್ಯವಾಗಿ ಹಳೆಯ ಟಿಕೆಟ್ಟಿನದ್ದೇ ಉಳಿಯುತ್ತದೆ. ಇಮೇಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದು. ಆಗ 70ಕ್ಕೆ ಉಳಿಯುವುದು ಖಾಲಿ ಸೀಟು, ಒಂದು ತಟ್ಟೆ, ಲೌಂಜ್ ಇದ್ದರೆ ಲೌಂಜ್. ಸಣ್ಣ ಊರಿನ ಲೌಂಜ್ ಅಂದರೆ ಕಾಫಿ ಮೆಷಿನ್ನು, ಎರಡು ಥರದ ಚೀಸು, ಗೋಡೆಯಲ್ಲಿ ಟಿವಿ. ನನ್ನ ಕೈಯಿಂದ 30 ಯೂರೋ ಮೇಲೆ ಬಿಚ್ಚುತ್ತಿರಲಿಲ್ಲ. ನಿನ್ನದು ಎರಡು ಮೀಟರ್ ಎತ್ತರದ ಮೈ ಆದರೆ ಮಾತು ಬೇರೆ. ಆಗಲೂ ಎಮರ್ಜೆನ್ಸಿ ಬಾಗಿಲ ಸಾಲಿನ ಸೀಟು ಕೊಳ್ಳುವುದು ಲೇಸು.

ಒಂದು ಕಿವಿಮಾತು. ವಿಮಾನ ಕ್ಯೂ400 ಆಗಿದ್ದರೆ ಮುಂದೆ ಕೂರಲೇಬೇಡ. ರೆಕ್ಕೆಯ ಕೆಳಗೆ, ಇಲ್ಲವೇ ಸ್ವಲ್ಪ ಹಿಂದೆ ಕಿಟಕಿ ಹಿಡಿ. ಅದರ ಚಕ್ರಗಳು ಇಂಜಿನ್ನಿನ ಹೊಟ್ಟೆಯೊಳಗೆ ಮಡಚಿಕೊಳ್ಳುತ್ತವೆ. ಇಳಿಯುವಾಗ ಆ ಹೊಟ್ಟೆಯ ಬಾಗಿಲು ತೆರೆದು, ಉದ್ದನೆಯ ಕಾಲು ಹೊರಬಂದು, ನೆಲ ಮುಟ್ಟಿ ಟಯರಿನಿಂದ ಹೊಗೆ ಏಳುವುದನ್ನು ಕಿಟಕಿಯಿಂದಲೇ ನೋಡಬಹುದು. ವಾಪಸು ಬರುವಾಗ ನಮಗೆ ಎಕಾನಮಿ. ಯಜಮಾನರು ಮಗುವಿನ ಹಾಗೆ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದರು. ಬಿಸಿನೆಸ್ ಕ್ಲಾಸಿನವರಿಗೆ ಆ ದೃಶ್ಯ ಇಲ್ಲ. ಶಬ್ದ ಮಾತ್ರ ಎಲ್ಲರಿಗೂ ಸಮ.

ಪ್ರಶ್ನೆ: ನಾನೂ ನನ್ನ ತಂಗಿಯೂ ಒಂದೂವರೆ ಗಂಟೆಯ ಹಾರಾಟಕ್ಕೆ ಬಿಸಿನೆಸ್ ಟಿಕೆಟ್ ಕೊಂಡಿದ್ದೆವು. ಯುರೋಪಿನ ಒಂದು ಊರಿನಲ್ಲಿ ಚೆಕ್-ಇನ್‌ಗೆ ಹೋದಾಗ ವಿಮಾನ ಬದಲಾಗಿದೆ, ಸಣ್ಣದು ಬಂದಿದೆ ಅಂತ ತಂಗಿಯನ್ನು ಹಿಂದೆ ಕೂರಿಸಿದರು. "ಕ್ಷಮಿಸಿ" ಅಂದರು, ಒಂದು ಚಾಕೊಲೇಟ್ ಕೊಟ್ಟರು. ಏನಾದರೂ ಕೇಳಬಹುದಾ? — ಮೈಸೂರಿನ ಓದುಗರು

ಉತ್ತರ: ಚಾಕೊಲೇಟ್ ತಿಂದಿದ್ದರೂ ಪರವಾಗಿಲ್ಲ, ಕೇಳಿ. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮದಲ್ಲಿ ಇದಕ್ಕೆ ನೇರ ಉತ್ತರ ಇದೆ. ಕೊಂಡ ದರ್ಜೆಗಿಂತ ಕೆಳಗಿನ ದರ್ಜೆಯಲ್ಲಿ ಕೂರಿಸಿದರೆ ಟಿಕೆಟ್ ಬೆಲೆಯ ಒಂದು ಪಾಲು ಏಳು ದಿನದೊಳಗೆ ವಾಪಸು ಕೊಡಬೇಕು. 1,500 ಕಿ.ಮೀ.ವರೆಗಿನ ಹಾರಾಟಕ್ಕೆ ಶೇ. 30. ಒಕ್ಕೂಟದ ಒಳಗೆ ಅದಕ್ಕಿಂತ ದೂರವಾದರೆ ಶೇ. 50. ನಿಮ್ಮದು ಒಂದೂವರೆ ಗಂಟೆಯ ಹಾರಾಟ ಅಂತ ಬರೆದಿದ್ದೀರಿ, ಅಂದರೆ ಶೇ. 30ರ ಲೆಕ್ಕ. ಹೋಗಿ ಬರುವ ಇಡೀ ಟಿಕೆಟ್ಟಿನ ಮೇಲೆ ಸಿಗುವುದಿಲ್ಲ. ಯಾವ ಹಾರಾಟದಲ್ಲಿ ಹಿಂದೆ ಕೂರಿಸಿದರೋ ಅದರ ಪಾಲಿನ ಮೇಲೆ ಮಾತ್ರ. ತೆರಿಗೆ ಕಳೆದು ಲೆಕ್ಕ ಹಾಕುತ್ತಾರೆ. ಯುರೋಪಿನ ನ್ಯಾಯಾಲಯ 2016ರಲ್ಲಿ ಹೀಗೆಂದು ತೀರ್ಪು ಕೊಟ್ಟಿದೆ.

ಸಣ್ಣ ಕಂಪನಿಗಳಲ್ಲಿ ಇದು ನಡೆಯುವುದು ಸಹಜ. ಹತ್ತು ಹನ್ನೆರಡು ವಿಮಾನ ಇಟ್ಟುಕೊಂಡವರು ಒಂದು ಕೆಟ್ಟರೆ ಇನ್ನೊಂದನ್ನು ಓಡಿಸಬೇಕು. ಬೈಯುವುದಕ್ಕಿಂತ ಬೋರ್ಡಿಂಗ್ ಪಾಸ್ ಇಟ್ಟುಕೊಳ್ಳುವುದು ಮುಖ್ಯ. ಹಳೆಯ ಸೀಟಿನ ಸಂಖ್ಯೆ, ಹೊಸ ಸೀಟಿನ ಸಂಖ್ಯೆ ಎರಡೂ ಇರಬೇಕು. ಒಮ್ಮೆ ನನಗೂ ಹೀಗಾಯಿತು, ಇನ್ನೊಂದು ಕಂಪನಿ, ಇನ್ನೊಂದು ದಾರಿ. ಹೆಸರು ಬೇಡ. ಏಳು ದಿನ ಅಂತ ನಿಯಮ ಇದ್ದರೂ ದುಡ್ಡು ಬಂದಿದ್ದು ಮೂರು ತಿಂಗಳಿಗೆ, ನಾಲ್ಕು ಪತ್ರಕ್ಕೆ. ಮೊದಲ ಉತ್ತರದಲ್ಲಿ ವೋಚರ್ ಕೊಡುತ್ತೇವೆ ಅಂದರು. ಬೇಡ ಅಂದೆ. ನಿಮ್ಮ ತಂಗಿಗೂ ಹೇಳಿ, ಪ್ರಯಾಣಿಕರು ಬರೆದು ಒಪ್ಪದೆ ವೋಚರ್ ಹೊರಿಸುವ ಹಾಗಿಲ್ಲ.

ಪ್ರಶ್ನೆ: ಹೆಸರೇ ಕೇಳದ ಪುಟ್ಟ ಕಂಪನಿ. ಆರು ತಿಂಗಳು ಮೊದಲೇ ದುಡ್ಡು ಕಟ್ಟಲು ಹೆದರಿಕೆ. ಮುಚ್ಚಿಹೋದರೆ? — ತುಮಕೂರಿನ ಓದುಗರು

ಉತ್ತರ: ಹೆದರಿಕೆಯಲ್ಲಿ ಅರ್ಥ ಇದೆ. ಸ್ಲೊವೇನಿಯಾದ ಆಡ್ರಿಯಾ ಏರ್‌ವೇಸ್ 1961ರಿಂದ ಇದ್ದದ್ದು, ವಿಮಾನ ಕಂಪನಿಗಳ ಸ್ಟಾರ್ ಅಲಯನ್ಸ್ ಬಳಗದಲ್ಲೂ ಇತ್ತು. 2019ರಲ್ಲಿ ದಿವಾಳಿಯಾಯಿತು. 2020ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಫ್ಲೈಬಿ, ಅದೇ ಡಿಸೆಂಬರ್‌ನಲ್ಲಿ ಮಾಂಟೆನೆಗ್ರೊ ಏರ್‌ಲೈನ್ಸ್. ಆದರೆ ಹೆಸರು ಕೇಳಿಲ್ಲ ಅನ್ನುವುದೊಂದೇ ಕಾರಣವಾಗಬಾರದು. ವೆರೋನಾದ ಏರ್ ಡೊಲೊಮಿಟಿ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ, ಅದು ಜರ್ಮನಿಯ ದೊಡ್ಡ ಕಂಪನಿ ಲುಫ್ತಾನ್ಸಾದ್ದೇ. ಲುಫ್ತಾನ್ಸಾ ಟಿಕೆಟ್ ಕೊಂಡವರು ಎಷ್ಟೋ ಸಲ ಅದರಲ್ಲೇ ಕೂರುತ್ತಾರೆ. ರೀಗಾದ ಏರ್‌ಬಾಲ್ಟಿಕ್ ಪುಟ್ಟ ಲಾಟ್ವಿಯಾ ದೇಶದ್ದು, ಈಗ ಏರ್‌ಬಸ್ ಎ220-300 ಅನ್ನುವ ಜಾತಿಯ ವಿಮಾನವನ್ನು 2016ರಲ್ಲಿ ಜಗತ್ತಿನಲ್ಲಿ ಮೊದಲು ಪ್ರಯಾಣಿಕರ ಸೇವೆಗೆ ಹಾರಿಸಿದವರು ಅವರೇ.

ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ. ಸೇವೆ ಸಿಗದಿದ್ದರೆ ಬ್ಯಾಂಕಿನ ಮೂಲಕ ದುಡ್ಡು ವಾಪಸು ಕೇಳುವ ದಾರಿ ಇರುತ್ತದೆ. ಸಾಧ್ಯವಾದರೆ ಆ ಸಣ್ಣ ಹಾರಾಟವನ್ನು ದೊಡ್ಡ ಕಂಪನಿಯ ಟಿಕೆಟ್ಟಿನೊಳಗೇ ಸೇರಿಸಿ ಕೊಳ್ಳಿ.

ಪ್ರಶ್ನೆ: ಬಿಸಿನೆಸ್ ಕ್ಲಾಸಿನವರಿಗೆ ಬೇರೆ ಟಾಯ್ಲೆಟ್ ಇರುತ್ತದಾ? — ಸಾಗರದ ಓದುಗರು

ಉತ್ತರ: ನಮ್ಮ ವಿಮಾನದಲ್ಲಿ ಇದ್ದದ್ದೇ ಒಂದು. ಬಾಲದಲ್ಲಿ. ಪರದೆಯ ಟಿಚ್ ಬಟನ್ ಬಿಚ್ಚಿಕೊಂಡು, ಎಲ್ಲರ ಮುಖ ನೋಡಿಕೊಂಡು, ಕೊನೆಯವರೆಗೆ ನಡೆಯಬೇಕು.

ಪ್ರಶ್ನೆ: ಆ ಪಕ್ಕದ ಖಾಲಿ ಸೀಟಿನ ಮೇಲೆ ನಮ್ಮ ಬ್ಯಾಗ್ ಇಡಬಹುದಾ? — ಕುಂದಾಪುರದ ಓದುಗರು

ಉತ್ತರ: ಏರುವಾಗ ಇಳಿಯುವಾಗ ಇಲ್ಲ, ಮೇಲಿನ ಗೂಡಿನಲ್ಲೇ ಇಡಬೇಕು. ಸಣ್ಣ ವಿಮಾನದ ಗೂಡು ನಮ್ಮ ಅಡುಗೆಮನೆಯ ಮಸಾಲೆ ಕಪಾಟಿನಷ್ಟು. ಚಕ್ರದ ಪೆಟ್ಟಿಗೆ ಹಿಡಿಸುವುದಿಲ್ಲ. ಅದಕ್ಕೊಂದು ಚೀಟಿ ಕಟ್ಟಿ ಮೆಟ್ಟಿಲ ಬುಡದಲ್ಲೇ ತೆಗೆದುಕೊಳ್ಳುತ್ತಾರೆ, ಇಳಿದಾಗ ಅಲ್ಲೇ ವಾಪಸು ಕೊಡುತ್ತಾರೆ. ಪಾಸ್‌ಪೋರ್ಟ್, ಮಾತ್ರೆ, ಒಡವೆ ಅದರೊಳಗೆ ಬಿಡಬೇಡಿ.

ಮೇಲೇರಿದ ಮೇಲೆ ಪುಸ್ತಕ, ಕನ್ನಡಕ, ಶಾಲು ಏನು ಬೇಕಾದರೂ ಇಡಿ. ನಮ್ಮ ಯಜಮಾನರು ತಮ್ಮ ಉಣ್ಣೆಯ ಟೋಪಿ ಇಟ್ಟರು. ಅಷ್ಟು ದುಡ್ಡಿನ ಸೀಟು ಸುಮ್ನೆ ಯಾಕೆ ಖಾಲಿ ಇರಬೇಕು ಅಂತ. ಇಳಿಯುವಾಗ ಮೊದಲು ಇಳಿಯಬೇಕು, ಬಸ್ಸಿನಲ್ಲಿ ಬಾಗಿಲ ಹತ್ತಿರವೇ ನಿಲ್ಲಬೇಕು ಅನ್ನುವ ಅವಸರ. ಟೋಪಿ ಅಲ್ಲೇ ಉಳಿಯಿತು. ಮರುದಿನ ಫೋನ್ ಮಾಡಿದರೆ, ಆ ವಿಮಾನ ಆಗಲೇ ಇನ್ನೆರಡು ಊರಿಗೆ ಹೋಗಿ ಬಂದಿತ್ತು.